ಮೌನಕ್ಕೆ ಕುಳಿತರೆ ನೋವೇ ಮಾತನಾಡುತ್ತದೆ

ಸಮಸ್ಯೆ: ನನಗೆ ರುಮಟಾಯ್ಡ್ ಸಂಧಿವಾತ. ಔಷಧಿ ನಡೆಯುತ್ತಿದೆ, ಆದರೆ ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ ಎಂದು ವೈದ್ಯರು ಮೊದಲೇ ಹೇಳಿದ್ದಾರೆ. ದಿನವೂ ಇಪ್ಪತ್ತು ನಿಮಿಷ ದೇವರ ಮುಂದೆ ಸುಮ್ಮನೆ ಕುಳಿತರೆ ಸಮಾಧಾನ ಸಿಗುತ್ತದೆ ಎಂದು ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ಹೇಳಿಕೊಟ್ಟರು. ಕುಳಿತರೆ ಕೀಲುನೋವು ಇನ್ನಷ್ಟು ಜೋರಾಗುತ್ತದೆ. ಅಳು ಬರುತ್ತದೆ, ದೇವರ ಮೇಲೆ ಸಿಟ್ಟೂ ಬರುತ್ತದೆ. ನನ್ನ ವಿಶ್ವಾಸದಲ್ಲೇ ಕೊರತೆಯಿದೆಯೇ?

ಓದುಗರ ಸ್ಪಂದನ

ಸೋದರಿ, ನಾನು ಡಯಾಲಿಸಿಸ್ ರೋಗಿ. ಯಂತ್ರದ ಸದ್ದು, ಪಕ್ಕದ ಹಾಸಿಗೆಯವರ ನರಳಾಟ, ಆಗಾಗ ಕೂಗಿಕೊಳ್ಳುವ ಅಲಾರಾಂ, ಇವುಗಳ ನಡುವೆಯೇ ನನ್ನ ಪ್ರಾರ್ಥನೆ. ಆದ್ದರಿಂದ ನಿಶ್ಶಬ್ದವಾಗಿದ್ದರೆ ಮಾತ್ರ ಮೌನ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮನಸ್ಸನ್ನು ಖಾಲಿ ಮಾಡಬೇಕು ಎಂದು ನಿಮಗೆ ಯಾರಾದರೂ ಹೇಳಿದ್ದರೆ ಅದನ್ನು ಬಿಟ್ಟುಬಿಡಿ. ನೋವಿರುವ ದೇಹ ಖಾಲಿಯಾಗುವುದಿಲ್ಲ.

ಐಗುಪ್ತದ ಮರುಭೂಮಿಯಲ್ಲಿದ್ದ ಸನ್ಯಾಸಿಗಳ ಬಳಿ ಕಲಿತ ಜಾನ್ ಕಾಸಿಯನ್ ಐದನೇ ಶತಮಾನದಲ್ಲಿ ಬರೆದಿಟ್ಟ ಒಂದು ಅಭ್ಯಾಸವಿದೆ. ಬೈಬಲಿನ 70ನೇ ಕೀರ್ತನೆಯ ಮೊದಲ ಮಾತೊಂದನ್ನೇ ಹಗಲಿರುಳು, ಉಣ್ಣುವಾಗ, ಕೆಲಸದ ನಡುವೆ, ನಿದ್ದೆ ಬಾರದಿರುವಾಗ ಹೇಳಿಕೊಳ್ಳುವುದು. ಅದು ಪ್ರಶಾಂತವಾದ ಮಾತೇನಲ್ಲ. ದೇವರೇ ಬಾ, ಬೇಗ ಬಂದು ಸಹಾಯ ಮಾಡು ಎಂಬ ಮೊರೆ. ಮೌನವನ್ನೇ ಬದುಕಾಗಿಸಿಕೊಂಡವರು ಆರಿಸಿಕೊಂಡದ್ದು ಇಂಥ ಆರ್ತನಾದವನ್ನು! ಪೂರ್ವದ ಆರ್ಥಡಾಕ್ಸ್ ಕ್ರೈಸ್ತ ಸಭೆಗಳಲ್ಲಿ ಬಳಕೆಯಲ್ಲಿರುವ ಯೇಸು ಪ್ರಾರ್ಥನೆಯೂ ಹೀಗೆಯೇ, ಕರುಣಿಸು ಎಂಬ ಬೇಡಿಕೆಯಲ್ಲೇ ಮುಗಿಯುತ್ತದೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಸ್ವಾಮಿ ಮೂರನೆಯ ಸಾರಿಯೂ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದನೆಂದು ಮತ್ತಾಯನು ಬರೆದಿದ್ದಾನೆ. ಹೊಸ ಮಾತು ಹುಡುಕಲು ಶಕ್ತಿಯಿಲ್ಲದವರಿಗೆ ಇದೆಷ್ಟು ದೊಡ್ಡ ಆಸರೆ ಎಂಬುದು ಕಾಯಿಲೆ ಬಿದ್ದವರಿಗೇ ಗೊತ್ತು.

ನಿಮ್ಮ ಸಿಟ್ಟನ್ನು ಹೊರಗಿಟ್ಟು ದೇವರ ಮುಂದೆ ಕೂರಬೇಡಿ. ಅದನ್ನೂ ಜೊತೆಗೆ ಕರೆದುಕೊಂಡೇ ಕುಳಿತುಕೊಳ್ಳಿ. ಇದರಿಂದ ನನ್ನ ಕಾಯಿಲೆ ಒಂದಿಷ್ಟೂ ಕಡಿಮೆಯಾಗಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಸೂಜಿ ಚುಚ್ಚುವಾಗ ಒಬ್ಬನೇ ಇದ್ದೇನೆ ಎಂಬ ದಿಗಿಲು ಮಾತ್ರ ಈಗ ಮೊದಲಿನಷ್ಟಿಲ್ಲ.
— ಒಬ್ಬ ಓದುಗ

ನಾನು ನಿವೃತ್ತ ನರ್ಸ್. ವಿಶ್ವಾಸದ ಮಾತು ಆಮೇಲೆ, ಮೊದಲು ಮೈಯ ಮಾತು. ಈ ಸಂಧಿವಾತದಲ್ಲಿ ಬೆಳಿಗ್ಗೆ ಎದ್ದಾಗ ಕೀಲುಗಳು ಬಿಗಿದುಕೊಂಡಿರುತ್ತವೆ. ಬಹಳ ಹೊತ್ತು ಅಲುಗಾಡದೆ ಕುಳಿತರೂ ಮತ್ತೆ ಬಿಗಿಯುತ್ತವೆ. ಅಂದಮೇಲೆ ಮುಂಜಾನೆಯೇ ಎದ್ದು ಇಪ್ಪತ್ತು ನಿಮಿಷ ಕದಲದೆ ಕೂರುವುದು ನಿಮಗೆ ಹೇಳಿಸಿದ್ದಲ್ಲ. ಸುತ್ತ ಬೇರೇನೂ ಇಲ್ಲದಾಗ ಗಮನವೆಲ್ಲ ನೋವಿನ ಕಡೆಗೇ ಹರಿಯುವುದೂ ಸಹಜ. ಅದನ್ನು ವಿಶ್ವಾಸದ ಲೆಕ್ಕಕ್ಕೆ ಸೇರಿಸಬೇಡಿ.

ಮೈ ಸ್ವಲ್ಪ ಸಡಿಲವಾದ ಹೊತ್ತನ್ನು ಆರಿಸಿಕೊಳ್ಳಿ. ಐದು ನಿಮಿಷ ಸಾಕು. ಮೊಣಕಾಲೂರಲೇಬೇಕೆಂದೇನೂ ಇಲ್ಲ, ದಿಂಬಿಗೆ ಒರಗಿಕೊಳ್ಳಿ, ಮಲಗಿಕೊಂಡರೂ ಸರಿ. ನಡೆಯಲಾಗುವ ದಿನ ನಿಧಾನವಾಗಿ ನಡೆಯುತ್ತಾ ಪ್ರಾರ್ಥಿಸಿ. ಕಣ್ಣು ಮುಚ್ಚಿದರೆ ನೋವು ಹೆಚ್ಚೆನಿಸುವುದಾದರೆ ಕಣ್ಣು ತೆರೆದು ಶಿಲುಬೆಯನ್ನೋ ಕಿಟಕಿಯ ಬೆಳಕನ್ನೋ ನೋಡುತ್ತಿರಿ. ಉಸಿರಿನ ಜೊತೆ ಪ್ರಾರ್ಥನೆಯನ್ನು ಹೊಂದಿಸುವ ಪದ್ಧತಿ ಕೆಲವರಿಗೆ ಹಿತವಾಗಿರುತ್ತದೆ. ಉಸಿರಾಟದ ತೊಂದರೆಯಿರುವವರಿಗೆ, ಗಾಬರಿಯ ಸ್ವಭಾವದವರಿಗೆ ಅದೇ ಕಿರಿಕಿರಿಯಾಗಬಹುದು. ಒಗ್ಗದಿದ್ದರೆ ಬಿಡಿ.

ಬೈಬಲಿನ ಪ್ರವಾದಿ ಎಲೀಯನ ಕಥೆಯಲ್ಲಿ ಬಿರುಗಾಳಿ, ಭೂಕಂಪ, ಬೆಂಕಿಯ ನಂತರ ಬಂದ ಮೆಲುದನಿಯನ್ನೇ ಎಲ್ಲರೂ ನೆನೆಯುತ್ತಾರೆ. ಅದಕ್ಕೂ ಮುಂಚೆ ಅವನು ಸಾಯಬೇಕೆಂದು ಬೇಡಿ ಗಿಡದ ಕೆಳಗೆ ಮಲಗಿಬಿಟ್ಟಿದ್ದ. ಆಗ ದೇವದೂತನು ಬುದ್ಧಿ ಹೇಳಲಿಲ್ಲ. ರೊಟ್ಟಿ, ನೀರು ಕೊಟ್ಟ. ಎಲೀಯನು ತಿಂದು ಮತ್ತೆ ಮಲಗಿದ. ದೂತನು ಮತ್ತೆ ಎಬ್ಬಿಸಿ ಮತ್ತೆ ಉಣಿಸಿದ. ಆ ಮೆಲುದನಿ ಕೇಳಿದ ಹೋರೇಬಿನ ಬೆಟ್ಟ ತಲುಪಿದ್ದು ಆಮೇಲೆ. ಪ್ರಾರ್ಥನೆಗೆ ಕುಳಿತಾಗ ನಿದ್ದೆ ಬಂದರೆ ನಿದ್ದೆ ಮಾಡಿ. ಮಾತ್ರೆಗಳನ್ನು ಮಾತ್ರ ನೀವಾಗಿಯೇ ಕಡಿಮೆ ಮಾಡಬೇಡಿ. ಅಳು, ನಿರಾಶೆ ವಾರಗಟ್ಟಲೆ ಬಿಡದಿದ್ದರೆ, ಬದುಕೇ ಬೇಡವೆನಿಸಿದರೆ ಕೂಡಲೇ, ವೈದ್ಯರಿಗೆ ತಿಳಿಸಿ. ಸಂಧಿವಾತವಿರುವವರಲ್ಲಿ ಖಿನ್ನತೆ ಅಪರೂಪವಲ್ಲ, ಅದಕ್ಕೆ ಚಿಕಿತ್ಸೆಯೂ ಇದೆ.
— ಒಬ್ಬ ಓದುಗಿ

ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಕೇಳಿದ ಮೊದಲ ಪ್ರಶ್ನೆ, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಎಂದು. ಇಬ್ಬರೂ ಅಲ್ಲ ಎಂದನು ಯೇಸು. ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯ. ನಿಮ್ಮ ವಿಶ್ವಾಸವನ್ನು ಅಳೆಯಲು ಬರುವವರಿಗೆ ಅದನ್ನು ಓದಲು ಕೊಡಿ. ಮೈಯಲ್ಲಿ ನಾಟಿದ ಮುಳ್ಳು ಎಂದು ತಾನೇ ಕರೆದ ಬಾಧೆಯನ್ನು ತೆಗೆಯೆಂದು ಅಪೊಸ್ತಲ ಪೌಲನು ಮೂರು ಸಾರಿ ಬೇಡಿಕೊಂಡರೂ ಅದು ಹೋಗಲಿಲ್ಲ. ಅವನಿಗೆ ವಿಶ್ವಾಸವಿರಲಿಲ್ಲ ಎನ್ನುವ ಧೈರ್ಯ ಯಾರಿಗಿದೆ?
— ಒಬ್ಬ ನಿವೃತ್ತ ಶಿಕ್ಷಕ

ಅಮ್ಮಾ, ಮೇಲಿನಂಥ ಸಲಹೆಗಳು ಒಳ್ಳೆಯವೇ. ಆದರೆ ಎಲ್ಲರಿಗೂ ಮೌನಪ್ರಾರ್ಥನೆ ಒಗ್ಗಲೇಬೇಕೆಂಬ ನಿಯಮವಿಲ್ಲ. ಧ್ಯಾನಕೂಟಗಳಿಂದ ಬಂದವರು ಅದೇ ಎಲ್ಲಕ್ಕಿಂತ ಮೇಲು ಎಂಬಂತೆ ಮಾತನಾಡುತ್ತಾರೆ, ನನಗಂತೂ ಅದು ಹಿಡಿಸುವುದಿಲ್ಲ. ನನ್ನ ಮಗಳಿಗೆ ಲೂಪಸ್ ಇದೆ, ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ. ಕಾಯಿಲೆ ಕೆರಳಿದ ದಿನಗಳಲ್ಲಿ ಅವಳು ಪ್ರಾರ್ಥಿಸುವುದಿಲ್ಲ. ನಾನು ಪಕ್ಕದಲ್ಲಿ ಕುಳಿತು ಅವಳ ಪರವಾಗಿ 88ನೇ ಕೀರ್ತನೆಯನ್ನು ಗಟ್ಟಿಯಾಗಿ ಓದುತ್ತೇನೆ. ಕತ್ತಲೆಯಲ್ಲೇ ಮುಗಿಯುವ ಕೀರ್ತನೆ ಅದು, ಕೊನೆಯಲ್ಲಿ ಸಮಾಧಾನದ ಸಾಲಿಲ್ಲ. ಅವಳಿಗೆ ಅದೇ ಇಷ್ಟ.

ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು ಚಾವಣಿ ಬಿಚ್ಚಿ ಇಳಿಸಿದಾಗ ಯೇಸು ಅವರ ವಿಶ್ವಾಸವನ್ನು ನೋಡಿದನೆಂದು ಮಾರ್ಕನು ಬರೆಯುತ್ತಾನೆ. ರೋಗಿ ಒಂದು ಮಾತನ್ನೂ ಆಡಿರಲಿಲ್ಲ. ಒಬ್ಬರೇ ಕುಳಿತು ಒದ್ದಾಡುವ ಬದಲು ನಿಮಗೆ ಹೇಳಿಕೊಟ್ಟ ಆ ಹಿರಿಯರನ್ನೇ ಮನೆಗೆ ಕರೆಯಿರಿ. ವಾರಕ್ಕೊಮ್ಮೆ ಬಂದು, ಉಪದೇಶವಿಲ್ಲದೆ, ನಿಮ್ಮ ಜೊತೆ ಸ್ವಲ್ಪ ಹೊತ್ತು ಅವರೂ ಸುಮ್ಮನೆ ಕೂರಲಿ.
— ಒಬ್ಬ ತಾಯಿ