ಕೈ ಕುದುರಿದವನ ಪಾಡು

“ಬ್ಯಾಸ್ಕೆಟ್‌ಬಾಲಲ್ಲಿ ಕೈ ಕುದುರೋದು, ಸಾಲಾಗಿ ಬಿದ್ರೆ ಮುಂದಿನದೂ ಬೀಳೋದು ಅಂತ ಏನೂ ಇಲ್ಲ ಕಣ್ರೋ, ಎಲ್ಲಾ ಭ್ರಮೆ,” ಅಂತ ಗುಂಡ ಶುರು ಹಚ್ಕೊಂಡ. ಗುಂಡ ಚೆಂಡು ಮುಟ್ಟಿದ್ದು ಯಾವ ಕಾಲದಲ್ಲೋ, ಅಂಕಿಅಂಶ ಮಾತ್ರ ಸದಾ ನಾಲಿಗೆ ತುದೀಲೇ. “1985ರಲ್ಲೇ ಗಿಲೋವಿಚ್, ವ್ಯಾಲೋನ್, ಟ್ವರ್ಸ್ಕಿ ಅನ್ನೋ ಮೂವರು ಸಂಶೋಧಕರು ಲೆಕ್ಕ ಹಾಕಿ ನೋಡಿದ್ರು. ಫಿಲಡೆಲ್ಫಿಯಾ ತಂಡದವರು ಸಾಲಾಗಿ ಮೂರು ಹಾಕಿದ್ರೂ ನಾಲ್ಕನೇದು ಬೀಳೋ ಸಾಧ್ಯತೆ ಏನೂ ಏರ್ತಿರ್ಲಿಲ್ಲ.”

ಸೀನ ಎದ್ದೇ ನಿಂತ. “ಹಂಗಾದ್ರೆ 2015ರ ಜನವರೀಲಿ ವಾರಿಯರ್ಸ್ ತಂಡದ ಕ್ಲೇ ಥಾಂಪ್ಸನ್‌ಗೆ ದೆವ್ವ ಹಿಡಿದಿತ್ತಾ? ಸ್ಯಾಕ್ರಮೆಂಟೊ ತಂಡದ ಮೇಲೆ ಒಂದೇ ಕ್ವಾರ್ಟರ್‌ನಲ್ಲಿ 37 ಪಾಯಿಂಟ್! 13 ಶಾಟ್ ಎಸೆದ, ಹದಿಮೂರೂ ಒಳಗೆ. ಅದ್ರಲ್ಲಿ 9 ತ್ರೀ, ದೂರದ ಗೆರೆ ಆಚೆಯಿಂದ ಎಸೆದು ಮೂರ್ಮೂರು ಪಾಯಿಂಟ್ ಗಿಟ್ಟಿಸೋವು!”

“ನಾಣ್ಯ ಚಿಮ್ಮಿದ್ರೂ ಒಮ್ಮೊಮ್ಮೆ ಸಾಲಾಗಿ ಹೆಡ್ ಬೀಳುತ್ತಪ್ಪಾ.”

“ಲೋ, ನಾಣ್ಯದ ಮುಂದೆ ಕೈ ಎತ್ತಿಕೊಂಡು ಯಾವನಾದ್ರೂ ಡಿಫೆಂಡರ್ ನಿಂತಿರ್ತಾನೇನೋ?”

ಸೀನ ವರ್ಷಕ್ಕೊಂದು ಒಳ್ಳೆ ಮಾತಾಡ್ತಾನೆ. ಈ ವರ್ಷದ್ದು ಅಲ್ಲಿಗೆ ಮುಗೀತು. ನಾನೂ ಬಾಯಿ ಹಾಕಿದೆ. “ಅಲ್ವೋ ಗುಂಡ, ಎರಡು ತ್ರೀ ಬಿದ್ದ ಕೂಡಲೇ ಡಿಫೆಂಡರ್ ಮೈಮೇಲೇ ಬರ್ತಾನೆ. ಜೊತೆಗಾರ ಅಡ್ಡ ನಿಂತು ಸ್ಕ್ರೀನ್ ಕೊಟ್ಟ ಅನ್ನೋವಷ್ಟರಲ್ಲಿ ಇಬ್ಬಿಬ್ಬರು ಮುತ್ಕೋತಾರೆ. ಇವನಿಗೂ ತಲೆ ತಿರುಗಿ, ಇನ್ನೂ ದೂರದಿಂದ ಒಂದು ಎಸೆದು ನೋಡ್ತಾನೆ, ಅದೇ ‘ಹೀಟ್ ಚೆಕ್’ ಅಂತಾರಲ್ಲ. ಇಷ್ಟು ಕಷ್ಟದ ಶಾಟಲ್ಲೂ ಹಳೇ ಸರಾಸರಿಯೇ ಬಂತು ಅಂದ್ರೆ, ಕೈ ಕುದುರಿದೆ ಅಂತಲೇ ತಾನೇ?”

“ಮತ್ತೆ ಲೆಕ್ಕ?”

“ಲೆಕ್ಕವೂ ಕೈಕೊಡ್ತು. 2018ರಲ್ಲಿ ಮಿಲ್ಲರ್, ಸಂಹುರ್ಹೊ ಅನ್ನೋ ಇಬ್ರು ಆ 1985ರ ಲೆಕ್ಕದಲ್ಲೇ ತಪ್ಪು ಹಿಡಿದ್ರು. ಮೂರ್ಮೂರು ಸಲ ನಾಣ್ಯ ಚಿಮ್ಮಿ, ಹೆಡ್ ಆದ್ಮೇಲೆ ಮತ್ತೆ ಹೆಡ್ ಎಷ್ಟು ಪಾಲು ಬಂತು ಅಂತ ಪ್ರತಿ ಸಾಲಿಗೂ ನೋಡಿ ಸರಾಸರಿ ತೆಗಿ. ಅರ್ಧ ಬರಲ್ಲ, 12ಕ್ಕೆ 5 ಬರುತ್ತೆ. ಹಂಗಾಗಿ ಸಾಲಾಗಿ ಬಿದ್ಮೇಲೂ ಸರಾಸರಿ ಇಳೀಲಿಲ್ಲ ಅಂದ್ರೆ, ಕೈ ಕುದುರಿದೆ ಅಂತಲೇ.”

ಗುಂಡ ಜೇಬಿಂದ ನಾಣ್ಯ ತೆಗೆದು ಚಿಮ್ಮೋಕೆ ಕೂತೇಬಿಟ್ಟ. ಎರಡು ನಿಮಿಷ ಪುಣ್ಯಕ್ಕೆ ಮೌನ.

“ಸರಿ, 2018ರಲ್ಲೇ ಹೂಸ್ಟನ್ ತಂಡ ಏಳನೇ ಪಂದ್ಯದಲ್ಲಿ ಸಾಲಾಗಿ 27 ತ್ರೀ ಹಾಳು ಮಾಡ್ತಲ್ಲ, ಅದು?” ಅಂದ ಗುಂಡ.

“ಆವತ್ತು ತಂಡಕ್ಕೆ ತಂಡವೇ ಕೈ ಮರಗಟ್ಟಿತ್ತು,” ಅಂದ ಸೀನ. “2019ರ ಫೈನಲ್ಸ್ ಎರಡನೇ ಪಂದ್ಯ ನೆನಪಿಸ್ಕೋ. ಥಾಂಪ್ಸನ್ ಗಾಯಗೊಂಡು ಹೊರಗೆ. ಟೊರೊಂಟೊದವರು ‘ಬಾಕ್ಸ್ ಅಂಡ್ ಒನ್’ ಹಾಕಿದ್ರು: ನಾಲ್ವರು ಚೌಕ ಕಟ್ಟಿ ನಿಂತ್ರು, ಒಬ್ಬ ವಾರಿಯರ್ಸ್‌ನ ಇನ್ನೊಬ್ಬ ಶೂಟರ್ ಕರ್ರಿಗೆ ನೆರಳಾದ. ವಾರಿಯರ್ಸ್‌ಗೆ ಐದು ನಿಮಿಷ ಒಂದು ಪಾಯಿಂಟೂ ಇಲ್ಲ! ಕೊನೆಗೆ ವಾರಿಯರ್ಸ್‌ನವನೇ ಆದ ಇಗ್ವೊಡಾಲ ಒಂದು ತ್ರೀ ಹಾಕಿ ಪಂದ್ಯ ಮುಗಿಸಿದ.”

ಗುಂಡ ನಾಣ್ಯ ಹಿಡ್ಕೊಂಡೇ ಕೇಳಿದ, “ಅವನ ಕೈ ಕುದುರಿತ್ತಾ?”

“ಇಲ್ವಲ್ಲ. ಅದಕ್ಕೇ ಅವನ ಹತ್ರ ಯಾರೂ ನಿಂತಿರ್ಲಿಲ್ಲ.”