ಪದಚರ್ಚೆ: ಹಾಟ್ ರಾಡ್ ಮತ್ತು ‘ಸ್ಟ್ರಿಪ್ಡ್ ಡೌನ್’ – ಕನ್ನಡದಲ್ಲಿ ಏನನ್ನೋಣ? (ತುರ್ತು)

ಬೆಂಗಳೂರಿನಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಗೆಳತಿಯೊಬ್ಬಳು ಕ್ಯಾಲಿಫೋರ್ನಿಯಾದಲ್ಲಿ ತೆಗೆದ ಫೋಟೋಗಳ ಪ್ರದರ್ಶನ ಇಲ್ಲಿ ನಡೆಯಲಿದೆ. ಫಲಕಗಳ ಕನ್ನಡ ನನ್ನ ಪಾಲಿಗೆ ಬಂದಿದೆ. ಗುರುವಾರ ಮಧ್ಯಾಹ್ನ ಅಚ್ಚಿಗೆ ಹೋಗಬೇಕು.

ಫೋಟೋಗಳೆಲ್ಲ ಹಾಟ್ ರಾಡ್‌ಗಳದ್ದು, ಅಂದರೆ ವೇಗಕ್ಕಾಗಿ ಮಾರ್ಪಡಿಸಿದ ಹಳೇ ಕಾರುಗಳದ್ದು. 1920, 30ರ ದಶಕದ ಫೋರ್ಡ್ ಕಾರುಗಳು. ಮಡ್‌ಗಾರ್ಡ್ ಇಲ್ಲ, ಬಂಪರ್ ಇಲ್ಲ, ಕೆಲವಕ್ಕೆ ಬಾನೆಟ್ಟೂ ಇಲ್ಲ. ಇಂಜಿನ್ ಹೊರಗೇ ಕಾಣುತ್ತದೆ. ಇಂಗ್ಲಿಷ್ ಬರಹದಲ್ಲಿ ‘ಸ್ಟ್ರಿಪ್ಡ್ ಡೌನ್’ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ.

ನನಗೆ ಹೊಳೆದದ್ದು ಬೋಳು, ಬರಿ, ಕಳಚಿದ, ಸಾದಾ. ‘ಸರಳ’ ಬೇಡ. ಸರಳ ಅಂದರೆ ಮೊದಲಿಂದಲೂ ಹಾಗೇ ಇದ್ದದ್ದು ಅನಿಸುತ್ತದೆ. ಇವರು ಇದ್ದದ್ದನ್ನು ಬೇಕೆಂದೇ ತೆಗೆದಿದ್ದಾರೆ. ಆ ‘ಬೇಕೆಂದೇ’ ಪದದಲ್ಲಿ ಸಿಗಬೇಕು. ಮುಖ್ಯ ಫಲಕದ ಸಾಲು ಹೀಗಿದೆ: ‘____ ಹಳೇ ಹಾಟ್ ರಾಡ್ ಕಟ್ಟುವ ಆಸೆ ಇನ್ನೂ ಯಾಕೆ ತಣಿದಿಲ್ಲ?’ ಖಾಲಿ ಜಾಗ ತುಂಬಿಕೊಡಿ. ಹಾಟ್ ರಾಡ್‌ಗೂ ಕನ್ನಡ ಇದ್ದರೆ ಹೇಳಿ. ಅದಕ್ಕೆ ಒತ್ತಾಯ ಇಲ್ಲ.

ಮೈಸೂರಿನಿಂದ

ಒತ್ತಾಯ ಇಲ್ಲ ಅಂದರೆ ಹೇಗಮ್ಮ? ಮೊದಲು ಆಗಬೇಕಾದ ಕೆಲಸವೇ ಅದು.

‘ಹಾಟ್’ ಇಲ್ಲಿ ಬಿಸಿ ಅಲ್ಲ, ಚುರುಕು. ಬಿಸಿಲು ಚುರುಕಾಗಿದೆ ಅನ್ನುತ್ತೇವೆ. ಹುಡುಗ ಚುರುಕು ಅನ್ನುತ್ತೇವೆ. ಶಾಖ ಮತ್ತು ವೇಗ ಎರಡನ್ನೂ ಒಂದೇ ಪದ ಹಿಡಿದಿದೆ. ಇಂಥ ಪದ ಮನೆಯಲ್ಲೇ ಇರುವಾಗ ಹೊರಗೆ ಯಾಕೆ ಹೋಗಬೇಕು? ಹಾಟ್ ರಾಡ್ ಅಂದರೆ ‘ಚುರುಕುಬಂಡಿ’. ಸ್ಟ್ರಿಪ್ಡ್ ಡೌನ್ ಅಂದರೆ ‘ಬೋಳು’. ಬೋಳುಗುಡ್ಡ, ಬೋಳುಮರ ಇದ್ದ ಹಾಗೆ ಬೋಳುಬಂಡಿ. ಅರಿಸಮಾಸದ ತಕರಾರೂ ಇಲ್ಲ.

‘ಹಳೇ ಹಾಟ್ ರಾಡ್’ ಎಂದು ಬರೆದರೆ ಅದು ಕನ್ನಡದ ಫಲಕ ಅಲ್ಲ. ಕನ್ನಡ ಲಿಪಿಯ ಫಲಕ, ಅಷ್ಟೆ.

ಹುಬ್ಬಳ್ಳಿಯಿಂದ

ಮೈಸೂರಿನ ಸರ್ ಅವರೇ, ಚುರುಕುಬಂಡಿ ಅಂದರೆ ನನ್ನ ಕಣ್ಣಮುಂದೆ ಬರೋದು ಎತ್ತು ಹೂಡಿದ ಬಂಡಿ. ಫಲಕ ಓದುವ ಹತ್ತು ಜನರನ್ನು ಕೇಳಿ ನೋಡಿ, ಹತ್ತೂ ಮಂದಿ ಅದನ್ನೇ ಹೇಳ್ತಾರೆ.

ನಾನು ಬಹಳ ವರ್ಷ ಗ್ಯಾರೇಜಿನಲ್ಲಿ ಕೆಲಸ ಮಾಡಿದವನು. ನಮ್ಮಲ್ಲಿ ‘ಬೋಳು’ ಅನ್ನೋದು ಟೈರಿಗೆ. ಟೈರ್ ಬೋಳಾಗಿದೆ ಅಂದರೆ ಸವೆದು ಹೋಗಿದೆ, ಬದಲಾಯಿಸು ಅಂತ ಅರ್ಥ. ಅದು ತಾನಾಗಿ ಆದದ್ದು, ಯಾರೋ ಕೂತು ಮಾಡಿದ್ದಲ್ಲ. ಮೇಡಂ ಕೇಳ್ತಿರೋ ‘ಬೇಕೆಂದೇ’ ಅದರಲ್ಲಿ ಇಲ್ಲವೇ ಇಲ್ಲ. ಬೋಳುಕಾರು ಅಂತ ಬರೆದರೆ ಹಾಳುಬಿದ್ದ ಕಾರು ಅಂತಲೇ ಜನ ಓದ್ತಾರೆ.

ಮೇಡಂ ಅವರ ‘ಕಟ್ಟುವ’ ಮಾತ್ರ ಸರಿಯಾಗಿದೆ. ಅದನ್ನ ಬಿಡಬೇಡಿ. ಲಾರಿಗೆ ಬಾಡಿ ಕಟ್ಟಿಸಿದೆ ಅಂತೀವಿ, ‘ನಿರ್ಮಿಸಿದೆ’ ಅಂತ ಯಾರೂ ಅನ್ನಲ್ಲ. ಫೆಂಡರ್‌ಗೆ ಮಡ್‌ಗಾರ್ಡ್ ಅಂದದ್ದೂ ಸರಿ. ಹಳೇ ಗಾಡಿ ರಾಶಿ ಬಿದ್ದಿರೋ ಜಾಗದ ಫೋಟೋ ಇದ್ದರೆ ‘ಗುಜರಿ’ ಅನ್ನಿ.

ಮಂಗಳೂರಿನಿಂದ

ನನ್ನ ಮತ ‘ಬರಿ’ಗೆ. ಇದರ ಹಿಂದೆ ಒಳ್ಳೆ ಚರಿತ್ರೆ ಇದೆ. ಹಳಗನ್ನಡದಲ್ಲಿ ಇದು ಶಕಟರೇಫದ, ಅಂದರೆ ಈಗ ಬಳಕೆ ತಪ್ಪಿದ ಱ ಅಕ್ಷರದ ‘ಬಱಿ’. ತಮಿಳಿನಲ್ಲಿ ‘ವೆಱು’, ಮಲಯಾಳದಲ್ಲಿ ‘ವೆಱುಂ’. ಅವರ ವಕಾರ ನಮ್ಮಲ್ಲಿ ಬಕಾರ ಆಗೋದು ಗೊತ್ತಿರುವ ನಿಯಮವೇ. ಅವರ ವೆಱುಂಗೈ ನಮ್ಮ ಬರಿಗೈ.

ಇನ್ನೊಂದು ವಿಷಯ. ‘ಬರಿ’ಗೆ ಎರಡು ಮುಖ ಇದೆ. ಬರಿಗಾಲು, ಬರಿಗೈ ಅಂದಾಗ ‘ಏನೂ ಇಲ್ಲದ’ ಅನ್ನುವ ಅರ್ಥ. ಬರೀ ಅನ್ನ, ಬರೀ ನೀರು ಅಂದಾಗ ‘ಅದೊಂದೇ’ ಅನ್ನುವ ಅರ್ಥ. ಈ ಕಾರುಗಳಿಗೆ ಎರಡೂ ಹೊಂದುತ್ತವೆ. ಮೈಮೇಲೆ ಏನೂ ಇಲ್ಲ, ಉಳಿದದ್ದು ಬರೀ ಇಂಜಿನ್, ಚಕ್ರ, ಕೂರುವ ಜಾಗ. ಹಾಗಾಗಿ ‘ಬರಿಮೈ’. ಬೋಳು ಎಂಬ ಪದಕ್ಕೆ ಈ ಎರಡನೆಯ ಮುಖ ಇಲ್ಲ.

ಶಿವಮೊಗ್ಗದಿಂದ

ಬರಿ ಮತ್ತು ಇಂಗ್ಲಿಷಿನ ‘ಬೇರ್’ ಒಂದೇ ಮೂಲದವು ಅಂತ ನಾನು ಬಹಳ ದಿನದಿಂದ ಹೇಳುತ್ತಿದ್ದೇನೆ. ಅರ್ಥವೂ ಒಂದೇ, ಸದ್ದೂ ಒಂದೇ. ಇದು ಆಕಸ್ಮಿಕ ಹೇಗೆ ಆಗುತ್ತದೆ?

ಮಂಗಳೂರಿನಿಂದ

ಆಕಸ್ಮಿಕವೇ. ಇಂಗ್ಲಿಷಿನದು ಜರ್ಮಾನಿಕ್ ಪದ, ಅದರ ಬಕಾರ ಅಲ್ಲಿಯದೇ. ನಮ್ಮ ಬಕಾರ ವಕಾರದಿಂದ ಬಂದದ್ದು ಅಂತ ಮೇಲೆಯೇ ಬರೆದಿದ್ದೇನೆ. ಎರಡು ಪದ ಇವತ್ತು ಒಂದೇ ಥರ ಕೇಳಿಸಿದರೆ ಸಾಲದು, ಹಿಂದಕ್ಕೆ ಹೋದಷ್ಟೂ ಹತ್ತಿರ ಬರಬೇಕು. ಇವು ದೂರ ಹೋಗುತ್ತವೆ. ಈ ಮಾತು ಇಲ್ಲಿಗೆ ಬಿಡಿ.

ಲಾಸ್ ಏಂಜಲಿಸ್ ಹತ್ತಿರದಿಂದ

ಪದ ಆರಿಸುವ ಮುಂಚೆ ವಸ್ತು ಹೇಗೆ ಹುಟ್ಟಿತು ಅಂತ ನೋಡಬೇಕು ಅಲ್ವಾ? ಈ ಕಾರುಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ, ತುಂಬಾ ಇಷ್ಟಪಟ್ಟಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಶುರುವಾದದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಮೊಹಾವಿ ಮರುಭೂಮಿಯಲ್ಲಿ ಬತ್ತಿದ ಸರೋವರಗಳಿವೆ. ಮ್ಯೂರಾಕ್, ಎಲ್ ಮಿರಾಜ್. ತಳ ಮೈಲುಗಟ್ಟಲೆ ಚಪ್ಪಟೆ, ಗಟ್ಟಿ ಮಣ್ಣು. 1930ರ ದಶಕದಲ್ಲಿ ಊರಿನ ಹುಡುಗರು ಅಲ್ಲಿಗೆ ಹೋಗಿ ತಮ್ಮ ಕಾರು ಎಷ್ಟು ವೇಗ ಹೋಗುತ್ತದೆ ಅಂತ ಅಳೆಯುತ್ತಿದ್ದರು. ಆರ್ಥಿಕ ಕುಸಿತದ ಕಾಲ, ಕೈಯಲ್ಲಿ ದುಡ್ಡಿಲ್ಲ. ಆದರೆ ಹಳೇ ಫೋರ್ಡ್‌ಗೆ ಬರ ಇರಲಿಲ್ಲ. ಮಾಡೆಲ್ ಟಿ ಒಂದೇ 1908ರಿಂದ 1927ರ ತನಕ ಒಂದೂವರೆ ಕೋಟಿ ತಯಾರಾಗಿತ್ತು. ಗುಜರಿಯಲ್ಲಿ ಪುಡಿಗಾಸಿಗೆ ಸಿಗುತ್ತಿತ್ತು.

ಟಿ ಇಂಜಿನ್ನಿನ ಶಕ್ತಿ 20 ಅಶ್ವಶಕ್ತಿ. ಆಮೇಲೆ ಬಂದ ‘ಮಾಡೆಲ್ ಎ’ ಕಾರಿನದು 40. ಇಂಜಿನ್ನಿಗೆ ಶಕ್ತಿ ತುಂಬಲು ದುಡ್ಡು ಬೇಕು. ಭಾರ ಇಳಿಸಲು ಒಂದು ಸ್ಪ್ಯಾನರ್ ಸಾಕು. ಅದಕ್ಕೇ ಮಡ್‌ಗಾರ್ಡ್ ಬಿಚ್ಚಿದರು, ಕಾಲಿಡುವ ಪಟ್ಟಿ ಬಿಚ್ಚಿದರು, ಬಂಪರ್, ಗಾಜು, ಟಾಪು ಎಲ್ಲ ತೆಗೆದರು. ಗಾಳಿಯ ತಡೆಯೂ ಕಡಿಮೆ ಆಯಿತು. 1932ರಲ್ಲಿ ಫೋರ್ಡ್ ಕಂಪನಿ 65 ಅಶ್ವಶಕ್ತಿಯ, 3.6 ಲೀಟರಿನ ವಿ8 ಇಂಜಿನ್ನನ್ನು ಸಾಮಾನ್ಯರ ಕಾರಿಗೆ ಹಾಕಿತು. ಅಲ್ಲಿಯವರೆಗೆ ಎಂಟು ಸಿಲಿಂಡರ್ ಅಂದರೆ ಸಾಹುಕಾರರ ಕಾರು. ಇಂದಿಗೂ ಹಾಟ್ ರಾಡ್ ಅಂದರೆ ಜನರ ಮನಸ್ಸಿಗೆ ಮೊದಲು ಬರುವುದು ಆ 1932ರ ಮಾಡೆಲ್. ಅದಕ್ಕೆ ‘ಡ್ಯೂಸ್’ ಅಂತ ಅಡ್ಡಹೆಸರು. 2014ರಲ್ಲಿ ಅಮೆರಿಕದ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು.

ಹೆಸರಿನ ಕಥೆಯೂ ಮುಖ್ಯ. ಎರಡನೇ ಮಹಾಯುದ್ಧಕ್ಕೆ ಮುಂಚೆ ಅವರು ಇದನ್ನು ಹಾಟ್ ರಾಡ್ ಅನ್ನುತ್ತಿರಲಿಲ್ಲ. ‘ಗೌ ಜಾಬ್’ ಅನ್ನುತ್ತಿದ್ದರು. ಹಾಟ್ ರಾಡ್ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಪತ್ರಿಕೆಗಳು ಅದನ್ನು ಹೆಚ್ಚುಕಡಿಮೆ ಬೈಗುಳದ ಥರ ಬಳಸಿದವು. ರಸ್ತೆಯಲ್ಲಿ ಅಪಘಾತ ಆದರೆ ಸಾಕು, ಹಾಟ್ ರಾಡ್ ಹುಡುಗರು ಅನ್ನೋದು. ಅವರು ಹೆಸರು ಬದಲಿಸಲಿಲ್ಲ. 1948ರಲ್ಲಿ ಅದೇ ಹೆಸರಿನ ಮಾಸಪತ್ರಿಕೆ ಶುರುವಾಯಿತು. 1951ರಲ್ಲಿ ಅದೇ ಹೆಸರಿನಲ್ಲಿ ರಾಷ್ಟ್ರೀಯ ಸಂಘ ಕಟ್ಟಿ ರಸ್ತೆಯ ಓಟವನ್ನು ಡ್ರ್ಯಾಗ್ ಸ್ಟ್ರಿಪ್, ಅಂದರೆ ಓಟಕ್ಕೆಂದೇ ಮೀಸಲಾದ ನೇರ ಪಟ್ಟಿಯ ಮೇಲಿನ ಓಟ ಮಾಡಿದರು. ಮೈಸೂರಿನ ಮೇಷ್ಟ್ರೇ, ‘ಚುರುಕು’ ಒಳ್ಳೆ ಹುಡುಕಾಟ, ಮೆಚ್ಚಿದೆ. ಆದರೆ ಆ ಹೆಸರಿಗಾಗಿ ಅವರು ಪಟ್ಟ ಪಾಡು ಚುರುಕುಬಂಡಿಯಲ್ಲಿ ಬರುವುದಿಲ್ಲ.

ಇನ್ನು ‘ಬೇಕೆಂದೇ’. ಇವತ್ತು ಅದೇ 1932ರ ಬಾಡಿಯನ್ನು ಹೊಸ ಉಕ್ಕಿನ ತಗಡಿನಲ್ಲಿ ಮಾಡಿ ಮಾರುತ್ತಾರೆ. ಮಡ್‌ಗಾರ್ಡ್ ಬೇಕೆಂದರೂ ಸಿಗುತ್ತದೆ. ದುಡ್ಡಿರುವವರೂ ಹಾಕಿಸುವುದಿಲ್ಲ. ಬಡತನಕ್ಕೆ ಮಾಡಿದ್ದು ಈಗ ಆಯ್ಕೆ ಆಗಿದೆ. ಯಾಕೆ ಅಂದರೆ ಆ ಕಾರಿನಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಪೆಟ್ರೋಲ್ ಎಲ್ಲಿಂದ ಹೋಗುತ್ತದೆ, ಸ್ಟಿಯರಿಂಗ್ ತಿರುಗಿಸಿದರೆ ಯಾವ ಸರಳು ಯಾವುದನ್ನು ಎಳೆಯುತ್ತದೆ, ಮಗುವಿಗೂ ತೋರಿಸಬಹುದು. ಕೆಟ್ಟರೆ ಕಂಪ್ಯೂಟರ್ ಹಚ್ಚುವಂತಿಲ್ಲ, ಕೈ ಹಾಕಬೇಕು. ನನ್ನ ಪ್ರಕಾರ ಆಸೆ ತಣಿಯದೆ ಇರುವುದಕ್ಕೆ ಕಾರಣ ಇದೇ. ನೀವು ಆರಿಸುವ ಪದ ‘ಕೊರತೆ’ ಅನ್ನಬಾರದು. ‘ಬಚ್ಚಿಟ್ಟದ್ದು ಏನೂ ಇಲ್ಲ’ ಅನ್ನಬೇಕು. ಹಾಗಾಗಿ ನನ್ನದೂ ‘ಬರಿಮೈ’.

ಒಂದು ಎಚ್ಚರಿಕೆ. ‘ತುಕ್ಕು’ ಪದ ದಯವಿಟ್ಟು ತರಬೇಡಿ. ತುಕ್ಕು ಹಿಡಿದ ಹಾಗೇ ಓಡಿಸುವುದು ‘ರ‍್ಯಾಟ್ ರಾಡ್’ ಅನ್ನುವ ಬೇರೆ ಪಂಗಡ. ಆ ಹೆಸರು ಜೋರಾಗಿದ್ದು 1990ರ ದಶಕದಲ್ಲಿ. ಹಳೆಯ ಕಾಲದ ಹುಡುಗರು ದುಡ್ಡು ಕೂಡಿದ ಕೂಡಲೇ ಬಣ್ಣ ಹೊಡೆಸುತ್ತಿದ್ದರು.

ಮೈಸೂರಿನಿಂದ

ಕಥೆ ಚೆನ್ನಾಗಿದೆ. ಆದರೆ ಪ್ರತಿ ವಸ್ತುವಿಗೂ ಅದರ ಊರಿನಲ್ಲಿ ಒಂದು ಕಥೆ ಇರುತ್ತದೆ. ಕಥೆಗೆ ಗೌರವ ಕೊಟ್ಟು ಪ್ರತಿ ಹೆಸರನ್ನೂ ಹಾಗೇ ತಂದುಕೊಂಡರೆ ನಮ್ಮ ಭಾಷೆಗೆ ಉಳಿಯುವ ಕೆಲಸ ಯಾವುದು? ವಿಭಕ್ತಿ ಹಚ್ಚುವುದು ಮಾತ್ರವಾ? ಪದ ಕಟ್ಟುವುದು ಅಭ್ಯಾಸದ ಮಾತು. ಬಿಟ್ಟರೆ ಕೈ ಮರೆಯುತ್ತದೆ. ಇದನ್ನು ನಾನು ತರಗತಿಯಲ್ಲಿ ಕಣ್ಣಾರೆ ನೋಡಿದ್ದೇನೆ. ಮಕ್ಕಳಿಗೆ ಎರಡು ಪದ ಕೂಡಿಸಿ ಮೂರನೆಯದು ಮಾಡಿ ಅಂದರೆ ಮುಖ ನೋಡುತ್ತಾರೆ.

ಬೇಕಾದರೆ ಬಂಡಿ ಬಿಡಿ, ‘ಚುರುಕುಗಾಡಿ’ ಅನ್ನಿ. ಕನ್ನಡವಂತೂ ಉಳಿಯುತ್ತದೆ.

ಹುಬ್ಬಳ್ಳಿಯಿಂದ

ಗಾಡಿ ಕನ್ನಡದ್ದು ಅಂತ ಯಾರು ಹೇಳಿದರು ಸರ್? ಅದು ಉತ್ತರದಿಂದ ಬಂದದ್ದು. ಹಿಂದಿ, ಮರಾಠಿ ಎರಡರಲ್ಲೂ ಇದೆ. ಅದನ್ನ ಒಪ್ಪಿಕೊಂಡಿರಿ. ನೀವು ಕೂತಿರೋ ಕುರ್ಚಿ ಅರಬ್ಬಿ. ಅಲ್ಮಾರು ಪೋರ್ಚುಗೀಸರದ್ದು. ಆಗ ಬಂದವು ನಮ್ಮವು, ಈಗ ಬಂದವು ಪರಕೀಯ ಅನ್ನೋಕೆ ಗೆರೆ ಎಲ್ಲಿ ಹಾಕ್ತೀರಿ?

1894ರಲ್ಲಿ ಕಿಟೆಲ್ ಕೋಶ ಮಂಗಳೂರಿನಲ್ಲಿ ಅಚ್ಚಾದಾಗ ಕಾರು ಅಂದರೆ ವಾಂತಿ ಮಾಡು ಅನ್ನೋ ಥರದ ಹಳೇ ಅರ್ಥಗಳೇ. ಇವತ್ತು ಮಗು ಮೊದಲು ಕಲಿಯೋ ಪದಗಳಲ್ಲಿ ಕಾರು ಒಂದು. ಭಾಷೆ ಅದರಿಂದ ಸಾಯಲಿಲ್ಲ.

ಗ್ಯಾರೇಜಿನಲ್ಲಿ ಇದಕ್ಕೆ ಪದ ಯಾಕಿಲ್ಲ ಅಂದರೆ, ಇಲ್ಲಿ ಈ ಕೆಲಸವೇ ನಡೆಯಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ರೂಪ ಹೀಗೆ ಬದಲಾಯಿಸಿ ರಸ್ತೆಗೆ ತಂದರೆ ಆರ್‌ಟಿಓ ಬಿಡಲ್ಲ. ಮಾಡದೆ ಇರೋ ಕೆಲಸಕ್ಕೆ ಮಾತು ಹುಟ್ಟಲ್ಲ. ಹುಟ್ಟದ ಮಾತನ್ನ ಮೇಜಿನ ಮೇಲೆ ಕೂತು ಹುಟ್ಟಿಸಿದರೆ ಯಾರೂ ಆಡಲ್ಲ.

ಮೈಸೂರಿನಿಂದ

ಮೇಜಿನ ಮೇಲೆ ಹುಟ್ಟಿದ ‘ಗಣಕ’ವನ್ನು ಜನ ಓದುತ್ತಿದ್ದಾರೆ, ಬರೆಯುತ್ತಿದ್ದಾರೆ. ನಿಮ್ಮ ವಾದ ಅಲ್ಲೇ ಬಿತ್ತು.

ಹುಬ್ಬಳ್ಳಿಯಿಂದ

ಓದ್ತಾರೆ. ಅಂಗಡಿಗೆ ಹೋಗಿ ‘ಒಂದು ಗಣಕ ಕೊಡಿ’ ಅಂತ ಕೇಳಿದವರನ್ನ ನಾನು ನೋಡಿಲ್ಲ.

ಬೆಂಗಳೂರಿನಿಂದ

ಈ ಜಗಳಕ್ಕೆ ಬೇರೆ ಎಳೆ ಶುರು ಮಾಡೋಣವೇ? ನನಗೆ ಗುರುವಾರದ ಗಡುವು ಇದೆ.

‘ಬರಿಮೈ’ ಗಟ್ಟಿ ಮಾಡಿಕೊಂಡೆ. ಜೋರಾಗಿ ಓದಿ ನೋಡಿದೆ, ಕಿವಿಗೆ ಹಿತವಾಗಿದೆ. ಹಾಟ್ ರಾಡ್ ಹಾಗೇ ಇರಲಿ. ಮೇಷ್ಟ್ರು ಬೇಸರ ಮಾಡಿಕೊಳ್ಳಬಾರದು. ಒಳಗಿನ ಒಂದು ಫಲಕದಲ್ಲಿ ‘ಚುರುಕು ಇಂಜಿನ್’ ಅಂತ ಬಳಸುತ್ತಿದ್ದೇನೆ, ಅಲ್ಲಿ ಚೆನ್ನಾಗಿ ಕೂರುತ್ತದೆ.

ಇನ್ನು ಮೂರು ಪದ ಬಾಕಿ ಇವೆ. ಚಾಪ್, ಚಾನೆಲ್, ಹೈಬಾಯ್.

ಲಾಸ್ ಏಂಜಲಿಸ್ ಹತ್ತಿರದಿಂದ

ಚಾಪ್: ಕಿಟಕಿ ಕಂಬಗಳನ್ನು ಕೆಲವು ಇಂಚು ಕತ್ತರಿಸಿ ಟಾಪನ್ನು ಕೆಳಗೆ ಇಳಿಸುವುದು. ‘ಟಾಪು ತಗ್ಗಿಸಿದ’ ಅಂದರೆ ಸಾಕು.

ಚಾನೆಲ್: ಬಾಡಿಯ ನೆಲ ಕತ್ತರಿಸಿ ಇಡೀ ಬಾಡಿಯನ್ನು ಚಾಸಿಯ ಮೇಲಿಂದ ಕೆಳಕ್ಕೆ ಜಾರಿಸುವುದು. ‘ಬಾಡಿ ಇಳಿಸಿದ’ ಅನ್ನಿ. ಇವೆರಡನ್ನೂ ಅದಲುಬದಲು ಮಾಡಬೇಡಿ. ಗೊತ್ತಿರುವವರು ನೋಡಿದರೆ ಮೊದಲು ಅದನ್ನೇ ಹಿಡಿಯುತ್ತಾರೆ.

ಹೈಬಾಯ್: ಮಡ್‌ಗಾರ್ಡ್ ಬಿಚ್ಚಿದ್ದಾರೆ, ಆದರೆ ಬಾಡಿ ಇಳಿಸಿಲ್ಲ. ಕಂಪನಿ ಕೂರಿಸಿದ ಎತ್ತರದಲ್ಲೇ ಚಾಸಿಯ ಮೇಲೆ ಕೂತಿದೆ. ಅದಕ್ಕೆ ಹೈಬಾಯ್ ಅಂತಲೇ ಬರೆದು ಕೆಳಗೆ ಒಂದು ಸಾಲು ವಿವರಣೆ ಕೊಡಿ.

ಮಂಗಳೂರಿನಿಂದ

ಒಂದೇ ಸಣ್ಣ ತಿದ್ದುಪಡಿ. ‘ರಾಡ್’ ಅಲ್ಲ, ‘ರಾಡು’. ರೈಲು, ಬಸ್ಸು, ಕಾರು ಎಲ್ಲಕ್ಕೂ ಉಕಾರ ಕೊಟ್ಟಿದ್ದೇವೆ. ಕನ್ನಡದ ಬಾಯಿ ವ್ಯಂಜನದಲ್ಲಿ ನಿಲ್ಲುವುದಿಲ್ಲ. ತಂದುಕೊಳ್ಳುವುದಾದರೆ ನಮ್ಮ ಉಡುಗೆ ತೊಡಿಸಿ ತಂದುಕೊಳ್ಳಿ. ಹಾಟ್‌ರಾಡು, ಹಾಟ್‌ರಾಡನ್ನು, ಹಾಟ್‌ರಾಡಿಗೆ.

ಹುಬ್ಬಳ್ಳಿಯಿಂದ

ಆ ‘ರಾಡಿಗೆ’ ಬೇಡ. ನಮ್ಮ ಕಡೆ ರಾಡಿ ಅಂದರೆ ಕೆಸರು. ‘ಹಾಟ್‌ರಾಡಿಗೆ ಹೊಸ ಚಕ್ರ’ ಅಂತ ಫಲಕದಲ್ಲಿ ಕಂಡರೆ ಧಾರವಾಡ ಜಿಲ್ಲೆಯವರು ಒಂದು ಸಲ ನಿಂತು ಓದ್ತಾರೆ. ‘ರಾಡ್‌ಗೆ’ ಅಂತಲೇ ಇರಲಿ.

ಮೈಸೂರಿನಿಂದ

ನೋಡಿದಿರಾ? ಇದಕ್ಕೇ ನಾನು ಹೇಳಿದ್ದು. ಚುರುಕುಗಾಡಿಗೆ ಹೊಸ ಚಕ್ರ ಅಂದರೆ ಈ ತೊಂದರೆ ಯಾವುದೂ ಇರಲಿಲ್ಲ.

ಬೆಂಗಳೂರಿನಿಂದ

ಎಲ್ಲರಿಗೂ ಧನ್ಯವಾದ. ಫಲಕ ಹೀಗೆ ಹೋಗುತ್ತಿದೆ: ‘ಬರಿಮೈಯ ಹಳೇ ಹಾಟ್ ರಾಡ್ ಕಟ್ಟುವ ಆಸೆ ಇನ್ನೂ ಯಾಕೆ ತಣಿದಿಲ್ಲ?’ ವಿಭಕ್ತಿ ಬರುವ ಕಡೆಯೆಲ್ಲ ‘ರಾಡ್‌ಗೆ’, ‘ರಾಡ್‌ನ’ ಅಂತಲೇ ಇಟ್ಟಿದ್ದೇನೆ. ಯಾರಿಗಾದರೂ ತಪ್ಪು ಕಂಡರೆ ನಾಳೆ ರಾತ್ರಿಯೊಳಗೆ ಹೇಳಿ.