ಟೊಪಾಲೊವ್–ಶಿರೋವ್, 1998: ಎಚ್3ರ ಒಂಟೆ ಬಲಿಯನ್ನು ಎಂಜಿನ್ ನೆರವಿನಿಂದ ಪರಿಶೀಲಿಸುವುದು ಹೇಗೆ?

ಪ್ರಶ್ನೆ

ಚದುರಂಗ ಕಲಿಯುವ ಮಕ್ಕಳಿಗೆ ವಿವರಿಸಲೆಂದು 1998ರ ಲಿನಾರೆಸ್ ಟೂರ್ನಿಯ ಟೊಪಾಲೊವ್–ಶಿರೋವ್ ಆಟದ ಅಂತ್ಯಭಾಗವನ್ನು ಅಭ್ಯಾಸ ಮಾಡುತ್ತಿದ್ದೇನೆ. ಬಿಳಿಯ ರಾಜ ಜಿ1ರಲ್ಲಿ, ಒಂಟೆ ಸಿ3ರಲ್ಲಿ, ಪಾನ್‌ಗಳು ಜಿ2 ಮತ್ತು ಎಚ್4ರಲ್ಲಿ ಇವೆ. ಕಪ್ಪಿನ ರಾಜ ಇ6ರಲ್ಲಿ, ಒಂಟೆ ಎಫ್5ರಲ್ಲಿ, ಪಾನ್‌ಗಳು ಎ4, ಡಿ5, ಎಫ್6 ಮತ್ತು ಜಿ6ರಲ್ಲಿ ಇವೆ. ಇಲ್ಲಿ 47ನೇ ನಡೆಯಾಗಿ, ಕಪ್ಪಿನ ಕಡೆ ಆಡುತ್ತಿದ್ದ ಶಿರೋವ್ ತಮ್ಮ ಒಂಟೆಯನ್ನು ಎಚ್3ಕ್ಕೆ ಒಯ್ದು ಬಲಿಕೊಟ್ಟರು. ನನ್ನ ಮೊಬೈಲಿನ ಎಂಜಿನ್ (ಚದುರಂಗದ ನಡೆಗಳನ್ನು ಲೆಕ್ಕಹಾಕುವ ತಂತ್ರಾಂಶ) ಮಾತ್ರ ಬೇರೆ ನಡೆಗಳನ್ನೇ ಮುಂದಿಡುತ್ತದೆ. ಯಾವ ನಡೆಯನ್ನು ನೋಡಿದರೂ ಕಪ್ಪಿಗೆ ಮೇಲುಗೈ ಎನ್ನುತ್ತದೆಯೇ ಹೊರತು ಗೆಲುವು ಯಾವುದರಲ್ಲಿದೆ, ಡ್ರಾ ಯಾವುದರಲ್ಲಿದೆ ಎಂಬುದು ಅದು ಕೊಡುವ ಅಂಕಗಳಿಂದ ತಿಳಿಯುವುದಿಲ್ಲ. ಎಷ್ಟು ಹೊತ್ತು ಬಿಡಬೇಕು, ಅಂಕವನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಮೊದಲ ಉತ್ತರ

ಹೊತ್ತಿಗಿಂತ ಹುಡುಕುವ ಕ್ರಮದ ಕಡೆ ಗಮನ ಕೊಡುವುದು ಒಳ್ಳೆಯದು. ಸ್ಟಾಕ್‌ಫಿಶ್ ಎಂಬ ಎಂಜಿನ್ ಎಲ್ಲ ನಡೆಗಳನ್ನೂ ಒಂದೇ ಆಳಕ್ಕೆ ನೋಡುವುದಿಲ್ಲ. ಪಟ್ಟಿಯಲ್ಲಿ ಹಿಂದೆ ಬೀಳುವ ನಡೆಗಳನ್ನು, ಅದರಲ್ಲೂ ಏನನ್ನೂ ಹೊಡೆಯದೆ, ಶಹ ಕೊಡದೆ ಕಾಯಿಯನ್ನೇ ಕಳೆದುಕೊಳ್ಳುವಂಥವನ್ನು, ಮೊದಲು ಕಡಿಮೆ ಆಳದಲ್ಲಿ ಪರೀಕ್ಷಿಸಿ ಬದಿಗಿಡುತ್ತದೆ. ಲೀಲಾ ಎಂಬ ಇನ್ನೊಂದು ಎಂಜಿನ್‌ನ ಕ್ರಮ ಬೇರೆ. ಅದರ ನ್ಯೂರಲ್ ಜಾಲಕ್ಕೆ ಅಸಂಭವವೆನಿಸಿದ ನಡೆಗೆ ಶೋಧನೆಯ ಪಾಲೇ ಕಡಿಮೆ ಸಿಗುತ್ತದೆ. ಆದ್ದರಿಂದ ಒಂಟೆಯನ್ನು ನೀವೇ ಎಚ್3ಕ್ಕೆ ಇಟ್ಟು, ಬಿಳಿಯ ಉತ್ತರಗಳನ್ನು ಎಂಜಿನ್ ಸಾಕಷ್ಟು ಆಳಕ್ಕೆ ಪರಿಶೀಲಿಸುವವರೆಗೆ ಕಾಯಿರಿ. ಆಟವನ್ನು ನಾಲ್ಕೈದು ನಡೆ ಮುಂದಕ್ಕೆ ಒಯ್ದು, ಹ್ಯಾಶ್ (ಎಂಜಿನ್ ತನ್ನ ಲೆಕ್ಕಗಳನ್ನು ನೆನಪಿಟ್ಟುಕೊಳ್ಳುವ ಜಾಗ) ಅಳಿಸದೆ ಒಂದೊಂದೇ ನಡೆ ಹಿಂದಕ್ಕೆ ಬಂದರೆ, ಮುಂದೆ ಕಂಡ ಫಲಿತಾಂಶ ಹಿಂದಿನ ಸ್ಥಿತಿಯ ಅಂಕದಲ್ಲೂ ಕಾಣಿಸತೊಡಗುತ್ತದೆ. ಏಕಕಾಲಕ್ಕೆ ಮೂರ್ನಾಲ್ಕು ನಡೆಗಳನ್ನು ತೋರಿಸುವ ಆಯ್ಕೆಯೂ ಉಪಯುಕ್ತ, ಆದರೆ ಆಳ ಕಡಿಮೆಯಾಗುತ್ತದೆ.

ಇನ್ನು ಅಂಕದ ಮಾತು. 2022ರಲ್ಲಿ ಬಂದ 15.1ನೇ ಆವೃತ್ತಿಯಿಂದ ಸ್ಟಾಕ್‌ಫಿಶ್‌ನ +1.00 ಎಂದರೆ ಒಂದು ಪಾನ್ ಹೆಚ್ಚಿದೆ ಎಂದಲ್ಲ. ಎಂಜಿನ್‌ಗಳೇ ತಮ್ಮತಮ್ಮಲ್ಲಿ ಆಡಿದರೆ ಗೆಲ್ಲುವ ಸಾಧ್ಯತೆ ಸುಮಾರು ಅರ್ಧದಷ್ಟಿದೆ ಎಂದು.

ಎರಡನೆಯ ಉತ್ತರ

ಮಕ್ಕಳಿಗೆ ಹೇಳುವುದಾದರೆ ಎಂಜಿನ್ ತೆರೆಯುವ ಮೊದಲು ಬೆರಳಿನಲ್ಲಿ ಎಣಿಸಲು ಹೇಳಿ. ಎರಡೂ ಕಡೆಯ ಒಂಟೆಗಳು ಬೇರೆಬೇರೆ ಬಣ್ಣದ ಮನೆಗಳಲ್ಲಿ ಓಡಾಡುತ್ತವೆ. ಬಿಳಿಯ ರಾಜ ಇ3 ತಲುಪಿ ಡಿ4ರ ಮೇಲೆ ಹಿಡಿತ ಸಾಧಿಸಿದರೆ, ಬಿಳಿ ಮನೆಗಳ ಒಂಟೆಯಿಂದ ಅವನನ್ನು ಅಲ್ಲಿಂದ ಕದಲಿಸಲಾಗದು. ಕಪ್ಪಿಗೆ ಎರಡು ಪಾನ್ ಹೆಚ್ಚಿದ್ದರೂ ಆಟ ಡ್ರಾದತ್ತ ಸಾಗುತ್ತದೆ. ಕಪ್ಪು ರಾಜನಿಗೆ ಎಫ್5ರ ಮೂಲಕ ಇ4 ತಲುಪಲು ಎರಡು ನಡೆ ಬೇಕು, ಬಿಳಿ ರಾಜನಿಗೂ ಎಫ್2ರ ಮೂಲಕ ಇ3 ತಲುಪಲು ಎರಡೇ ನಡೆ. ಆದರೆ ಎಫ್5ರಲ್ಲಿ ಕಪ್ಪಿನದೇ ಒಂಟೆ ಕುಳಿತಿದೆ. ಅದನ್ನು ಸುಮ್ಮನೆ ಪಕ್ಕಕ್ಕೆ ಸರಿಸಿದರೆ ಒಂದು ನಡೆ ಹೋಗಿ ಬಿಳಿ ರಾಜ ಮೊದಲು ತಲುಪುತ್ತಾನೆ. ಇ4ಕ್ಕೆ ಸರಿಸಿದರೆ ರಾಜನಿಗೆ ಬೇಕಾದ ಮನೆಯನ್ನೇ ಅದು ಮುಚ್ಚುತ್ತದೆ. ಎಚ್3ಕ್ಕೆ ಹೋದರೆ ದಾರಿ ತೆರವಾಗುವುದರ ಜೊತೆಗೆ ಜಿ2 ಪಾನಿನ ಮೇಲೆ ದಾಳಿಯೂ ಆಗುತ್ತದೆ. ಬಿಳಿ ಅದನ್ನು ಹೊಡೆಯಲು ಒಂದು ನಡೆ ವ್ಯಯಿಸಲೇಬೇಕು, ಹೊಡೆಯದೆ ರಾಜನನ್ನು ಇ3ಕ್ಕೆ ಓಡಿಸಿದರೆ ಜಿ2 ಪಾನ್ ಬೀಳುತ್ತದೆ. ಈ ಒಂದು ನಡೆಯ ವ್ಯತ್ಯಾಸಕ್ಕಾಗಿ ಇಡೀ ಒಂಟೆಯನ್ನು ಕೊಟ್ಟದ್ದು ಎಷ್ಟು ಬಾರಿ ನೋಡಿದರೂ ನನಗೆ ರೋಮಾಂಚನ ಉಂಟುಮಾಡುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಈ ಸ್ಥಿತಿಯನ್ನು ಟೇಬಲ್‌ಬೇಸ್‌ನಲ್ಲಿ (ಕೆಲವೇ ಕಾಯಿಗಳುಳಿದ ಸ್ಥಿತಿಗಳ ಖಚಿತ ಫಲಿತಾಂಶಗಳ ಸಂಗ್ರಹದಲ್ಲಿ) ನೇರವಾಗಿ ನೋಡಲು ಸಾಧ್ಯವೇ?

ಮೊದಲ ಉತ್ತರ ಬರೆದವರು

ಸಾಧ್ಯವಿಲ್ಲ. ರಾಜರೂ ಸೇರಿ ಹಲಗೆಯ ಮೇಲೆ ಹತ್ತು ಕಾಯಿಗಳಿವೆ, ಸಿಜಿಜಿ ಟೇಬಲ್‌ಬೇಸ್‌ಗಳು ಏಳು ಕಾಯಿಗಳವರೆಗೆ ಮಾತ್ರ ಇವೆ. ಬಿಳಿ ಎಚ್3ರಲ್ಲಿ ಒಂಟೆಯನ್ನೂ 50ನೇ ನಡೆಯಲ್ಲಿ ಎಫ್6ರ ಪಾನನ್ನೂ ಹೊಡೆದ ಮೇಲೆ ಎಂಟು ಕಾಯಿ ಉಳಿಯುತ್ತವೆ; ಅಲ್ಲಿಂದ ಇನ್ನೊಂದು ಕಾಯಿ ಹೋದ ಪ್ರತಿಯೊಂದು ಕವಲಿಗೂ ಲಿಚೆಸ್ ಜಾಲತಾಣದ ಟೇಬಲ್‌ಬೇಸ್ ಖಚಿತ ಉತ್ತರ ಕೊಡುತ್ತದೆ. ಹೋಲಿಕೆಗಾಗಿ 47ನೇ ನಡೆಯಲ್ಲಿ ಒಂಟೆಯನ್ನು ಇ4ಕ್ಕೆ ಒಯ್ಯುವ ಕವಲನ್ನೂ ಹೀಗೆಯೇ ಮುಂದುವರಿಸಿ ನೋಡಿ: ಹತ್ತಾರು ನಡೆಗಳಾದರೂ ಅಂಕ ಏರದೆ ನಿಂತಲ್ಲೇ ನಿಂತರೆ ಅದು ಬಿಳಿಯ ಕೋಟೆಯ, ಅಂದರೆ ಭೇದಿಸಲಾಗದ ರಕ್ಷಣೆಯ, ಲಕ್ಷಣ. ಶಿರೋವ್ ಆಡಿದ ಸಾಲಿನಲ್ಲಾದರೋ ಪ್ರತಿ ನಡೆಗೂ ಪ್ರಗತಿಯಿದೆ. 53ನೇ ನಡೆಯಲ್ಲಿ ಕಪ್ಪು ರಾಜ ಬಿ3 ತಲುಪಿದಾಗ ಎ ಮತ್ತು ಡಿ ಸಾಲಿನ ಪಾನ್‌ಗಳೆರಡನ್ನೂ ಒಂದೇ ಒಂಟೆ ತಡೆಯಲಾರದೆಂದು ಟೊಪಾಲೊವ್ ಸೋಲೊಪ್ಪಿಕೊಂಡರು.